ಪ್ರೊಪೆಲ್ಲರ್ ತಪ್ಪೋ, ಮೋಟಾರ್ ತಪ್ಪೋ: ಆರ್‌ಸಿ ವಿಮಾನಗಳ ದೋಷ ನಿವಾರಣೆ ಕೈಪಿಡಿ

ಮೋಟಾರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ, ವಿಮಾನ ಗಾಳಿಗೆ ಎದುರಾಗಿ ಮುಂದೆ ಸಾಗುತ್ತಿಲ್ಲ, ಕೈಯಿಂದ ಬಿಟ್ಟ ಕೂಡಲೇ ಎಡಕ್ಕೆ ಹೊರಳಿ ಬೀಳುತ್ತದೆ, ಹಾರುತ್ತಿರುವಾಗಲೇ ಪವರ್ ನಿಂತುಹೋಗುತ್ತದೆ. ರೇಡಿಯೊ ನಿಯಂತ್ರಿತ ವಿಮಾನ ಹಾರಿಸುವವರಿಂದ ಪದೇ ಪದೇ ಕೇಳಿಬರುವ ದೂರುಗಳು ಇವೇ. ದೂರು ಹೊತ್ತು ಬರುವವರು ಅಷ್ಟರಲ್ಲಿ ಮೋಟಾರನ್ನು ಬದಲಾಯಿಸಿರುತ್ತಾರೆ, ಕೆಲವರು ಬ್ಯಾಟರಿಯನ್ನೂ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯನ್ನೂ ಬದಲಾಯಿಸಿರುತ್ತಾರೆ. ಇವೆಲ್ಲಕ್ಕಿಂತ ಅಗ್ಗವಾದ, ಎರಡೇ ನಿಮಿಷದಲ್ಲಿ ಬಿಚ್ಚಿ ಹಾಕಬಹುದಾದ ಪ್ರೊಪೆಲ್ಲರ್ ಮಾತ್ರ ಮೊದಲ ದಿನ ಹಾಕಿದ್ದೇ ಉಳಿದಿರುತ್ತದೆ. ಮೇಲೆ ಹೇಳಿದ ನಾಲ್ಕು ದೂರುಗಳಿಗೂ ಪ್ರೊಪೆಲ್ಲರ್ ಕಾರಣವಾಗಿರಬಹುದು. ಆಗಿರಲೇಬೇಕೆಂದೇನೂ ಇಲ್ಲ. ಹೌದೋ ಅಲ್ಲವೋ ಎಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ತೀರ್ಮಾನಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿರುವುದು ಒಂದು ಕಿಲೋ ಆಸುಪಾಸಿನ ಫೋಮ್ ವಿಮಾನಗಳನ್ನು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಸಾಮಾನು ಕೊಂಡು ಮನೆಯಲ್ಲಿ ಕಟ್ಟುವವರಾಗಲಿ, ಸಾಮಾನ್ಯವಾಗಿ ಬಳಸುವುದು ಎ2212 ಗಾತ್ರದ ಬ್ರಷ್‌ಲೆಸ್ ಮೋಟಾರ್, 30 ಆಂಪಿಯರ್‌ನ ಇಎಸ್‌ಸಿ ಮತ್ತು 2200 ಎಂಎಎಚ್‌ನ 3ಎಸ್ (ಮೂರು ಸೆಲ್ಲುಗಳ) ಲೈಪೊ ಬ್ಯಾಟರಿ. ಮೊದಲ ಎಚ್ಚರಿಕೆಯ ಮಾತು ಈ ಮೋಟಾರಿನದೇ. 2212 ಎಂಬುದು ಒಳಗಿನ ಸ್ಟೇಟರಿನ ಅಳತೆ: 22 ಮಿಲಿಮೀಟರ್ ವ್ಯಾಸ, 12 ಮಿಲಿಮೀಟರ್ ಎತ್ತರ. ಇದೇ ಗಾತ್ರದಲ್ಲಿ 1000, 1400, 2200 ಕೆವಿ ಮೋಟಾರ್‌ಗಳು ಸಿಗುತ್ತವೆ. ಕೆವಿ ಎಂದರೆ ಹೊರೆಯಿಲ್ಲದ ಮೋಟಾರ್ ಒಂದು ವೋಲ್ಟಿಗೆ ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ. ಹೊರನೋಟಕ್ಕೆ ಈ ಮೋಟಾರುಗಳು ಅವಳಿಗಳಂತಿದ್ದು, ವ್ಯತ್ಯಾಸ ತಿಳಿಸುವುದು ಮೇಲೆ ಅಂಟಿಸಿದ ಚೀಟಿ ಮಾತ್ರ. ಎರಡು ಮೂರು ಸಲ ನೆಲಕ್ಕೆ ಬಡಿದ ಮೇಲೆ ಆ ಚೀಟಿಯೂ ಉದುರುತ್ತದೆ. 1000 ಕೆವಿ ಎಂದುಕೊಂಡು 2200 ಕೆವಿ ಮೋಟಾರಿಗೆ 10 ಇಂಚಿನ ಪ್ರೊಪೆಲ್ಲರ್ ಹಾಕಿ, ಥ್ರಾಟಲ್ ಪೂರ್ತಿ ಏರಿಸಿ, ಹತ್ತು ಸೆಕೆಂಡಿನಲ್ಲಿ ವಾರ್ನಿಷ್ ಸುಟ್ಟ ವಾಸನೆ ಬರಿಸಿದವರನ್ನು ನಾನು ಒಬ್ಬಿಬ್ಬರಲ್ಲ, ಹಲವರನ್ನು ಕಂಡಿದ್ದೇನೆ. ಚೀಟಿ ಇಲ್ಲದ ಮೋಟಾರನ್ನು ಪ್ರೊಪೆಲ್ಲರ್ ಇಲ್ಲದೆ ಓಡಿಸಿ, ಮೋಟಾರಿನ ಡಬ್ಬಿಗೆ ಒಂದು ಬಿಳಿ ಗುರುತು ಹಾಕಿ ಟ್ಯಾಕೋಮೀಟರಿನಿಂದ ಸುತ್ತುಗಳನ್ನು ಅಳೆದು, ಬ್ಯಾಟರಿಯ ವೋಲ್ಟೇಜಿನಿಂದ ಭಾಗಿಸಿದರೆ ಕೆವಿ ಎಷ್ಟೆಂಬುದು ಹೆಚ್ಚು ಕಡಿಮೆ ತಿಳಿದುಬಿಡುತ್ತದೆ.

ಪ್ರೊಪೆಲ್ಲರಿನ ಮೇಲಿನ ಅಂಕಿಗಳು

10×4.7 ಎಂದರೆ ವ್ಯಾಸ 10 ಇಂಚು, ಪಿಚ್ 4.7 ಇಂಚು. ಮರಕ್ಕೆ ಸ್ಕ್ರೂ ಕೊರೆಯುತ್ತ ಒಳಹೋಗುವಂತೆ ಪ್ರೊಪೆಲ್ಲರ್ ಗಾಳಿಯಲ್ಲಿ ಜಾರದೆ ಸಾಗಿದ್ದರೆ ಒಂದು ಸುತ್ತಿಗೆ ಎಷ್ಟು ದೂರ ಮುಂದೆ ಹೋಗುತ್ತಿತ್ತೋ ಅದೇ ಪಿಚ್. ಕೆಲವು ತಯಾರಕರು ಇದನ್ನೇ ಗುಣಾಕಾರ ಚಿಹ್ನೆಯಿಲ್ಲದೆ 1047, 1045, 8060, 6030 ಎಂದು ಮುದ್ರಿಸುತ್ತಾರೆ; 8060 ಎಂದರೆ 8 ಇಂಚು ವ್ಯಾಸ, 6 ಇಂಚು ಪಿಚ್ ಎಂದು ಓದಿಕೊಳ್ಳಬೇಕು. ಅಂಕಿಯ ಪಕ್ಕದಲ್ಲಿ ಆರ್ ಅಥವಾ ಪಿ ಅಕ್ಷರವಿದ್ದರೆ ಅದು ವಿರುದ್ಧ ದಿಕ್ಕಿಗೆ ತಿರುಗುವ ಪ್ರೊಪೆಲ್ಲರ್. ಡ್ರೋನಿಗೆಂದು ಮಾರುವ ಜೋಡಿಯಲ್ಲಿ ಒಂದು ಹೀಗಿದ್ದೇ ಇರುತ್ತದೆ.

ವ್ಯಾಸ ಮತ್ತು ಪಿಚ್‌ಗಳಲ್ಲಿ ಮೋಟಾರಿನ ಮೇಲೆ ಹೊರೆ ಹಾಕುವ ವಿಷಯದಲ್ಲಿ ವ್ಯಾಸವೇ ಯಜಮಾನ. ಒಂದೇ ವೇಗದಲ್ಲಿ ತಿರುಗುವಾಗ ಪ್ರೊಪೆಲ್ಲರ್ ಬೇಡುವ ಶಕ್ತಿ ಪಿಚ್‌ಗೆ ಸರಿಸುಮಾರು ನೇರ ಅನುಪಾತದಲ್ಲಿ ಏರಿದರೆ, ವ್ಯಾಸದ ನಾಲ್ಕನೆಯ ಘಾತದಲ್ಲಿ ಏರುತ್ತದೆ; ಸುತ್ತುಗಳ ವೇಗ ಹೆಚ್ಚಿದರೆ ಅದರ ಮೂರನೆಯ ಘಾತದಲ್ಲಿ ಏರುತ್ತದೆ. ಆದ್ದರಿಂದ 6 ಇಂಚಿನ ಜಾಗದಲ್ಲಿ ಅದೇ ಪಿಚ್‌ನ 10 ಇಂಚಿನದನ್ನು ಹಾಕಿ ಅದೇ ವೇಗದಲ್ಲಿ ತಿರುಗಿಸಬೇಕೆಂದರೆ ಏಳೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ. ಮೇಲೆ ಹೇಳಿದ ಸುಟ್ಟ ವಾಸನೆಯ ಮೂಲ ಇದು.

ಈ ಸಂಬಂಧದಿಂದ ಒಂದು ಉಪಯುಕ್ತ ಹೋಲಿಕೆ ಸಿಗುತ್ತದೆ. ವ್ಯಾಸದ ನಾಲ್ಕನೆಯ ಘಾತವನ್ನು (10 ಇಂಚಿಗೆ 10×10×10×10) ತೆಗೆದುಕೊಂಡು, ಬಂದದ್ದನ್ನು ಪಿಚ್‌ನಿಂದ ಗುಣಿಸಿ. ಬರುವ ಸಂಖ್ಯೆಯನ್ನು ಹೊರೆಸಂಖ್ಯೆ ಎಂದು ಕರೆದುಕೊಳ್ಳೋಣ. 10×4.7ಕ್ಕೆ ಅದು 47,000. 9×6ಕ್ಕೆ 39,366. 10×4ಕ್ಕೆ 40,000. ಎಂದರೆ 9×6 ಮತ್ತು 10×4 ಮೋಟಾರಿನ ಮಟ್ಟಿಗೆ ಬಹುತೇಕ ಒಂದೇ ಭಾರ, ಆದರೆ ವಿಮಾನದ ಮಟ್ಟಿಗೆ ಎರಡು ಬೇರೆ ಗೇರುಗಳು. 11×4.7ಕ್ಕೆ ಹೋದರೆ ಸಂಖ್ಯೆ 68,800 ದಾಟುತ್ತದೆ; ಒಂದೇ ಇಂಚು ತಾನೇ ಎಂದು ಹಾಕಿದವರ ಮೋಟಾರ್ ಏಕೆ ಕಾಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಈ ಹೋಲಿಕೆ ಒಂದೇ ಬಗೆಯ ಅಲಗುಗಳ ನಡುವೆ ಮಾತ್ರ ಸರಿಯಾಗಿ ಒಪ್ಪುತ್ತದೆ. ನಿಧಾನ ಹಾರಾಟಕ್ಕೆಂದು ಮಾಡಿದ ಸ್ಲೋ ಫ್ಲೈ ಪ್ರೊಪೆಲ್ಲರುಗಳ ಅಲಗು ಅಗಲವಾಗಿರುವುದರಿಂದ, ಅದೇ ಅಂಕಿಯ ತೆಳು ಎಲೆಕ್ಟ್ರಿಕ್ ಪ್ರೊಪೆಲ್ಲರಿಗಿಂತ ಅವು ಹೆಚ್ಚು ಕರೆಂಟ್ ಎಳೆಯುತ್ತವೆ.

ಮೊದಲು ಅಳತೆ

ವ್ಯಾಟ್‌ಮೀಟರ್ ಮತ್ತು ಟ್ಯಾಕೋಮೀಟರ್ ಇವೆರಡೂ ಇಲ್ಲದೆ ಪ್ರೊಪೆಲ್ಲರ್ ಆರಿಸುವುದು ಜ್ವರ ನೋಡದೆ ಔಷಧಿ ಕೊಟ್ಟಂತೆ. ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ ವ್ಯಾಟ್‌ಮೀಟರ್ ಕೊಳ್ಳಿ, ಟ್ಯಾಕೋಮೀಟರನ್ನು ಸ್ನೇಹಿತರಿಂದ ಎರವಲು ತನ್ನಿ.

ವಿಮಾನವನ್ನು ಮೇಜಿಗೆ ಅಥವಾ ಬೆಂಚಿಗೆ ಬಿಗಿಯಾಗಿ ಕಟ್ಟಿ, ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ವ್ಯಾಟ್‌ಮೀಟರ್ ಸೇರಿಸಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಪೂರ್ತಿ ಥ್ರಾಟಲ್ ಕೊಟ್ಟು, ಐದರಿಂದ ಹತ್ತು ಸೆಕೆಂಡಿನೊಳಗೆ ಆಂಪಿಯರ್, ವೋಲ್ಟ್ ಮತ್ತು ಸುತ್ತುಗಳನ್ನು ಬರೆದುಕೊಳ್ಳಬೇಕು. ನಿಲ್ಲಬೇಕಾದ ಜಾಗ ಪ್ರೊಪೆಲ್ಲರಿನ ಹಿಂದೆ. ಪಕ್ಕದಲ್ಲಿ, ಅಂದರೆ ಅಲಗು ತಿರುಗುವ ತಟ್ಟೆಯ ನೇರದಲ್ಲಿ, ಯಾರೂ ನಿಲ್ಲಬಾರದು, ಏಕೆಂದರೆ ಮುರಿದ ಅಲಗು ಹಾರುವುದು ಆ ದಿಕ್ಕಿಗೇ. ರಿಮೋಟಿನ ಸೆಟ್ಟಿಂಗ್ ಬದಲಿಸುವ ಕೆಲಸವೇನಿದ್ದರೂ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಬೇಕು.

ಟ್ಯಾಕೋಮೀಟರ್ ಬಗ್ಗೆ ಒಂದು ಮಾತು. ಬೆಳಕಿನಿಂದ ಓದುವ ಈ ಉಪಕರಣ ಅಲಗುಗಳ ನೆರಳನ್ನು ಎಣಿಸುತ್ತದೆ. ರಾತ್ರಿ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಅಳೆದಾಗ, ಥ್ರಾಟಲ್ ಎಷ್ಟೇ ಏರಿಸಿದರೂ ಇಳಿಸಿದರೂ ಅದು 3000ಕ್ಕೇ ಅಂಟಿಕೊಂಡು ನಿಂತರೆ, ಅಳೆಯುತ್ತಿರುವುದು ಪ್ರೊಪೆಲ್ಲರನ್ನಲ್ಲ, ದೀಪವನ್ನು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ನಿಮಿಷಕ್ಕೆ 6000 ಮಿನುಗು, ಎರಡು ಅಲಗಿಗೆ ಭಾಗಿಸಿದರೆ 3000. ನಾನು ಮೊದಲ ಬಾರಿ ಇದನ್ನು ಕಂಡಾಗ ಇಎಸ್‌ಸಿ ಕೆಟ್ಟಿದೆ ಎಂದು ತೀರ್ಮಾನಿಸಿ, ಅದನ್ನು ಬಿಚ್ಚಿ, ಹೊಸದನ್ನು ಬೆಸುಗೆ ಹಾಕಿದ ಮೇಲೆಯೂ ಅದೇ 3000 ಕಂಡು ಕಕ್ಕಾಬಿಕ್ಕಿಯಾಗಿ ಕುಳಿತಿದ್ದೆ. ಹಗಲು ಬೆಳಕಿನಲ್ಲಿ ಅಳೆಯಿರಿ. ಮೂರು ಅಲಗಿನ ಪ್ರೊಪೆಲ್ಲರನ್ನು ಎರಡು ಅಲಗಿನ ಸೆಟ್ಟಿಂಗಿನಲ್ಲಿ ಓದಿದರೆ ಒಂದೂವರೆ ಪಟ್ಟು ಹೆಚ್ಚು ತೋರಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಈಗ ಕೈಯಲ್ಲಿ ಎರಡು ಸಂಖ್ಯೆಗಳಿವೆ: ಕರೆಂಟ್ ಮತ್ತು ಸುತ್ತು. ದೋಷ ಯಾವ ಕಡೆಗಿದೆ ಎಂದು ಹೇಳುವುದು ಇವೆರಡರ ಜೋಡಿಯೇ ಹೊರತು ಯಾವುದೇ ಒಂದಲ್ಲ. ಕರೆಂಟ್ ಹೆಚ್ಚು, ಸುತ್ತು ನಿರೀಕ್ಷೆಗಿಂತ ಕಡಿಮೆ ಎಂದಾದರೆ ಮೋಟಾರ್ ಹೊರಲಾಗದ್ದನ್ನು ಹೊತ್ತಿದೆ, ಪ್ರೊಪೆಲ್ಲರ್ ದೊಡ್ಡದಾಯಿತು. ಕರೆಂಟ್ ಕಡಿಮೆ, ಸುತ್ತು ಹೆಚ್ಚು ಎಂದರೆ ಪ್ರೊಪೆಲ್ಲರ್ ಚಿಕ್ಕದು, ಮೋಟಾರಿನ ಸಾಮರ್ಥ್ಯ ಪೋಲಾಗುತ್ತಿದೆ. ಎರಡೂ ಕಡಿಮೆ ಎಂದಾದರೆ ಪ್ರೊಪೆಲ್ಲರನ್ನು ಮುಟ್ಟಲೇಬೇಡಿ: ಬ್ಯಾಟರಿ ಕುಸಿಯುತ್ತಿದೆ, ಅಥವಾ ರಿಮೋಟಿನ ಥ್ರಾಟಲ್ ಮಿತಿಗಳನ್ನು ಇಎಸ್‌ಸಿಗೆ ಕಲಿಸಿಲ್ಲ, ಅಥವಾ ಎಲ್ಲೋ ಒಂದು ಬೆಸುಗೆ ಸರಿಯಾಗಿ ಕೂಡಿಲ್ಲ. ಎರಡೂ ಹೆಚ್ಚು ಎಂದಾದರೆ ವೋಲ್ಟೇಜ್ ನೋಡಿ. 3ಎಸ್ ಜಾಗದಲ್ಲಿ 4ಎಸ್ ಬ್ಯಾಟರಿ ಸೇರಿಕೊಂಡಿರಬಹುದು. ಅದೇ ಪ್ರೊಪೆಲ್ಲರಿನಲ್ಲಿ 3ಎಸ್‌ನಿಂದ 4ಎಸ್‌ಗೆ ಹೋದರೆ ಕರೆಂಟ್ ಸುಮಾರು 1.8 ಪಟ್ಟು ಆಗುತ್ತದೆ. 15 ಆಂಪಿಯರ್ ಇದ್ದದ್ದು 26ರ ಮೇಲೆ ಹೋಗುತ್ತದೆ. 30 ಆಂಪಿಯರ್ ಇಎಸ್‌ಸಿ ಅದನ್ನು ತಡೆದುಕೊಂಡೀತು, 2212 ಮೋಟಾರ್ ತಡೆಯದು.

ಐದನೆಯದೊಂದು ಸಂದರ್ಭವಿದೆ. ಕಳೆದ ತಿಂಗಳು ಸರಿಯಿದ್ದ ಪ್ರೊಪೆಲ್ಲರಿನಲ್ಲೇ ಈಗ ಕರೆಂಟ್ ಏರಿದೆ ಎಂದಾದರೆ ಅನುಮಾನ ಮೋಟಾರಿನ ಮೇಲೆ ಹೋಗಬೇಕು. ಪ್ರೊಪೆಲ್ಲರ್ ಬಿಚ್ಚಿ ಬರಿ ಮೋಟಾರ್ ಓಡಿಸಿ ನೋಡಿ. ಈ ಗಾತ್ರದ ಸುಸ್ಥಿತಿಯ ಮೋಟಾರ್ ಬರಿದೇ ತಿರುಗಲು ಅರ್ಧ, ಮುಕ್ಕಾಲು ಆಂಪಿಯರಿಗಿಂತ ಬಹಳ ಹೆಚ್ಚು ಕೇಳುವುದಿಲ್ಲ. ಬರಿ ಮೋಟಾರೇ ಎರಡು ಮೂರು ಆಂಪಿಯರ್ ಎಳೆಯುತ್ತಿದ್ದರೆ ಸುತ್ತಿದ ತಂತಿ ಒಳಗೆ ತಾಗಿಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಬರಿ ಮೋಟಾರಿನ ಸುತ್ತು ಮೊದಲಿಗಿಂತ ಹೆಚ್ಚಾಗಿದ್ದರೆ ಅಯಸ್ಕಾಂತ ದುರ್ಬಲವಾಗಿದೆ ಎಂದರ್ಥ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತವೆ, ತಣ್ಣಗಾದ ಮೇಲೆ ಅದು ಪೂರ್ತಿ ಮರಳುವುದಿಲ್ಲ. ದೊಡ್ಡ ಪ್ರೊಪೆಲ್ಲರಿನಿಂದ ಒಮ್ಮೆ ಕಾದ ಮೋಟಾರ್ ಆಮೇಲೆ ಸರಿಯಾದ ಪ್ರೊಪೆಲ್ಲರ್ ಹಾಕಿದರೂ ಬಿಸಿಯಾಗುತ್ತಲೇ ಇರುವುದು ಈ ಕಾರಣಕ್ಕೆ.

ನೆಲದ ಮೇಲೆ ಭರ್ಜರಿ, ಗಾಳಿಯಲ್ಲಿ ಸಪ್ಪೆ

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ದೋಷ ಇದಾದ್ದರಿಂದ ನನ್ನದೇ ಒಂದು ವಿಮಾನದ ಉದಾಹರಣೆಯನ್ನು ವಿವರವಾಗಿ ಕೊಡುತ್ತೇನೆ. ರೆಕ್ಕೆ ಮೇಲಿರುವ ತರಬೇತಿ ವಿಮಾನ. ರೆಕ್ಕೆಯ ಉದ್ದ 1.2 ಮೀಟರ್, ಅಗಲ 20 ಸೆಂಟಿಮೀಟರ್, ಹಾರುವ ತೂಕ 900 ಗ್ರಾಂ. 1000 ಕೆವಿಯ 2212 ಮೋಟಾರಿಗೆ 10×4.7 ಸ್ಲೋ ಫ್ಲೈ ಪ್ರೊಪೆಲ್ಲರ್ ಹಾಕಿದ್ದೆ. ಬಾಲಕ್ಕೆ ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಕಟ್ಟಿ ಎಳೆತ ನೋಡಿದರೆ 850 ಗ್ರಾಂ ಸುಮಾರಿಗೆ ತೋರಿಸುತ್ತಿತ್ತು. ತನ್ನ ತೂಕದಷ್ಟೇ ಎಳೆಯುವ ತರಬೇತಿ ವಿಮಾನಕ್ಕೆ ಇನ್ನೇನು ಬೇಕು? ಬೇಸಿಗೆಯ ನಿಶ್ಶಬ್ದ ಬೆಳಗುಗಳಲ್ಲಿ ಅದು ಚೆನ್ನಾಗಿಯೇ ಹಾರಿತು. ಆಷಾಢ ಬಂತು. ಗಾಳಿಗೆ ಎದುರಾಗಿ ತಿರುಗಿಸಿದರೆ ವಿಮಾನ ಪೂರ್ತಿ ಥ್ರಾಟಲಿನಲ್ಲಿ ಗಾಳಿಪಟದಂತೆ ಒಂದೇ ಕಡೆ ತೂಗುತ್ತ ನಿಂತಿತು. ಮೂಗು ತಗ್ಗಿಸಿದರೆ ಮಾತ್ರ ಸ್ವಲ್ಪ ಮುಂದೆ ಬರುತ್ತಿತ್ತು, ಅದೂ ಎತ್ತರ ಕಳೆದುಕೊಂಡು. ಮೈದಾನದಲ್ಲಿದ್ದವರು ಕೊಟ್ಟ ಸಲಹೆ, ಇನ್ನೂ ದೊಡ್ಡ ಪ್ರೊಪೆಲ್ಲರ್ ಹಾಕಿ ಎಂಬುದು. ಸಹಜವಾದ ಸಲಹೆ, ಆದರೆ ತಪ್ಪು.

ಅಳತೆ ಹೇಳಿದ್ದು ಬೇರೆ. ನಿಂತಲ್ಲಿ 15 ಆಂಪಿಯರ್, ನಿಮಿಷಕ್ಕೆ 7400 ಸುತ್ತು. ಪ್ರೊಪೆಲ್ಲರ್ ಗಾಳಿಯನ್ನು ಗರಿಷ್ಠ ಎಷ್ಟು ವೇಗದಲ್ಲಿ ಹಿಂದಕ್ಕೆ ತಳ್ಳಬಲ್ಲದು ಎಂಬುದರ ಅಂದಾಜಿಗೆ ಸುತ್ತನ್ನು ಇಂಚಿನ ಪಿಚ್‌ನಿಂದಲೂ, ಆಮೇಲೆ 0.001524ರಿಂದಲೂ ಗುಣಿಸಿದರೆ ಗಂಟೆಗೆ ಕಿಲೋಮೀಟರ್ ಸಿಗುತ್ತದೆ. ಇದಕ್ಕೆ ಪಿಚ್ ಸ್ಪೀಡ್ ಎನ್ನುತ್ತಾರೆ. 7400ಕ್ಕೆ ಮತ್ತು 4.7ಕ್ಕೆ ಅದು ಗಂಟೆಗೆ 53 ಕಿಲೋಮೀಟರ್. ಆ ವಿಮಾನ ಸ್ಟಾಲ್ ಆಗುವ ವೇಗ, ಎಂದರೆ ರೆಕ್ಕೆ ಅದನ್ನು ಹೊತ್ತು ನಿಲ್ಲಬಲ್ಲ ಕನಿಷ್ಠ ವೇಗ, ತೂಕ ಮತ್ತು ರೆಕ್ಕೆಯ ವಿಸ್ತೀರ್ಣದ ಲೆಕ್ಕದಲ್ಲಿ ಗಂಟೆಗೆ 27 ಕಿಲೋಮೀಟರ್ ಆಸುಪಾಸು. ಪಿಚ್ ಸ್ಪೀಡ್ ಸ್ಟಾಲ್ ವೇಗದ ಎರಡೂವರೆಯಿಂದ ಮೂರು ಪಟ್ಟು ಇರಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ನಿಯಮ. ಇಲ್ಲಿ ಎರಡು ಪಟ್ಟೂ ಇರಲಿಲ್ಲ. ವಿಮಾನದ ವೇಗ ಪಿಚ್ ಸ್ಪೀಡನ್ನು ಸಮೀಪಿಸಿದಂತೆ ಎಳೆತ ಕರಗುತ್ತ ಹೋಗುತ್ತದೆ. ನಿಂತಲ್ಲಿ ತಕ್ಕಡಿ ತೋರಿಸಿದ 850 ಗ್ರಾಂ ಗಾಳಿಯಲ್ಲಿ ಉಳಿದಿರಲೇ ಇಲ್ಲ. ಮೊದಲನೆಯ ಗೇರಿನಲ್ಲಿ ಹೆದ್ದಾರಿಗೆ ಇಳಿದ ಬಸ್ಸಿನ ಪಾಡು ಅದರದು.

ಎರಡನೆಯ ಸಂಗತಿಯೂ ಅದೇ ಅಳತೆಯಲ್ಲಿತ್ತು. ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈಯರ್ ಪ್ರೊಪೆಲ್ಲರುಗಳಿಗೆ ನಿಗದಿ ಮಾಡಿರುವ ಗರಿಷ್ಠ ಸುತ್ತು, 65,000ವನ್ನು ಇಂಚಿನ ವ್ಯಾಸದಿಂದ ಭಾಗಿಸಿದಷ್ಟು. 10 ಇಂಚಿಗೆ ಅದು 6500. ನಾನು 7400ರಲ್ಲಿ ಓಡಿಸುತ್ತಿದ್ದೆ. ಅದೇ ಕಂಪನಿಯ ತೆಳು ಎಲೆಕ್ಟ್ರಿಕ್ ಮಾದರಿಗೆ ಮಿತಿ 1,50,000ವನ್ನು ವ್ಯಾಸದಿಂದ ಭಾಗಿಸಿದಷ್ಟು, ಎಂದರೆ 9 ಇಂಚಿಗೆ 16,600ರ ಮೇಲೆ. ಸ್ಲೋ ಫ್ಲೈ ಅಲಗನ್ನು ಹೆಬ್ಬೆರಳಿನಿಂದ ಒತ್ತಿದರೆ ತುದಿ ಬಾಗುತ್ತದೆ. ಮಿತಿ ಮೀರಿ ಓಡಿದ ಅಲಗಿನ ಬುಡದಲ್ಲಿ, ಹಬ್ಬಿಗೆ (ನಡುವಿನ ದಪ್ಪ ಭಾಗಕ್ಕೆ) ಸೇರುವಲ್ಲಿ, ಕೂದಲೆಳೆಯಷ್ಟು ಬಿಳಿಚಿದ ಗೆರೆ ಮೂಡುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದಾಗ ನನ್ನದರಲ್ಲಿ ಆ ಗೆರೆ ಇತ್ತು.

ವ್ಯಾಸ ಒಂದು ಇಂಚು ಇಳಿಸಿ, ಪಿಚ್ ಏರಿಸಿ, 9×6 ತೆಳು ಎಲೆಕ್ಟ್ರಿಕ್ ಪ್ರೊಪೆಲ್ಲರ್ ಹಾಕಿದೆ. 12 ಆಂಪಿಯರ್, 8100 ಸುತ್ತು, ಪಿಚ್ ಸ್ಪೀಡ್ ಗಂಟೆಗೆ 74 ಕಿಲೋಮೀಟರ್. ತಕ್ಕಡಿಯಲ್ಲಿ ಎಳೆತ 650 ಗ್ರಾಮಿಗೆ ಇಳಿಯಿತು. ಮೊದಲಿಗಿಂತ ಕಡಿಮೆ ಎಳೆಯುವ, ಕಡಿಮೆ ಕರೆಂಟ್ ತಿನ್ನುವ ಪ್ರೊಪೆಲ್ಲರಿನಲ್ಲಿ ಅದೇ ವಿಮಾನ ಆಷಾಢದ ಗಾಳಿಯನ್ನು ಸೀಳಿಕೊಂಡು ಹೋಯಿತು. ಬಹುತೇಕ ನೇರ ಮೇಲಕ್ಕೆ ಏರುವ ಗತ್ತು ಹೋಯಿತು ಎಂಬುದು ನಿಜ. ತರಬೇತಿ ವಿಮಾನಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಇದರ ತಿರುವುಮುರುವು ದೋಷವೂ ಉಂಟು. ನೆಲದಲ್ಲಿ ಮೋಟಾರ್ ಅಬ್ಬರಿಸುತ್ತದೆ, ಬಟ್ಟೆ ಹರಿದಂತಹ ಒರಟು ಸದ್ದು ಬರುತ್ತದೆ, ಎಳೆತ ಮಾತ್ರ ಇಲ್ಲ. ಕೈಯಿಂದ ಎಸೆದರೆ ವಿಮಾನ ಮುಳುಗಿ ನೆಲಕ್ಕೆ ಒರಗುತ್ತದೆ. ಹೇಗೋ ವೇಗ ಹಿಡಿದರೆ ಆಮೇಲೆ ಬಾಣದಂತೆ ಹೋಗುತ್ತದೆ. ಇಲ್ಲಿ ಪಿಚ್ ವ್ಯಾಸಕ್ಕೆ ಹೋಲಿಸಿದರೆ ಅತಿಯಾಗಿದೆ, ನಿಂತಲ್ಲಿ ಅಲಗುಗಳೇ ಗಾಳಿಯ ಹಿಡಿತ ತಪ್ಪಿ ಸ್ಟಾಲ್ ಆಗಿವೆ. ಪಿಚ್ ವ್ಯಾಸದ ಮುಕ್ಕಾಲು ಭಾಗ ದಾಟಿದರೆ ಈ ಗುಣ ಕಾಣತೊಡಗುತ್ತದೆ. ಓಟದ ವಿಮಾನಕ್ಕೆ ಇದು ದೋಷವಲ್ಲ, ಗಟ್ಟಿಯಾಗಿ ಎಸೆಯುವ ತೋಳಿದ್ದರೆ ಸಾಕು. ತರಬೇತಿ ವಿಮಾನಕ್ಕೆ ಪಿಚ್ ವ್ಯಾಸದ ಅರ್ಧದಿಂದ ಮೂರರಲ್ಲಿ ಎರಡು ಭಾಗದೊಳಗಿದ್ದರೆ ನೆಮ್ಮದಿ. ನಿಂತಲ್ಲೇ ತೂಗಾಡುವ 3ಡಿ ವಿಮಾನಗಳಿಗೆ ಅರ್ಧಕ್ಕಿಂತ ಕಡಿಮೆ ಇರಬೇಕು.

ಉಳಿದ ದೂರುಗಳು

ಬಿಸಿಯ ದೂರಿಗೆ ಉತ್ತರ ಮೇಲೆಯೇ ಬಂದಿದೆ. ಒಂದನ್ನು ಮಾತ್ರ ಸೇರಿಸಬೇಕು: ಮೋಟಾರಿನ ಮೇಲೆ ಬೆರಳಿಟ್ಟು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಲಾಗದಿದ್ದರೆ 60 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದು ಹಿಡಿಯಿರಿ. ಅಲ್ಲಿ ನಿಲ್ಲಿಸಿ. ಮೂಗಿನಲ್ಲಿ ಗಾಳಿ ಒಳಬರುವ ರಂಧ್ರವಿದ್ದು ಹೊರಹೋಗುವ ದಾರಿಯೇ ಇಲ್ಲದ ವಿಮಾನದಲ್ಲಿ ಸರಿಯಾದ ಪ್ರೊಪೆಲ್ಲರೂ ಮೋಟಾರನ್ನು ಕಾಯಿಸುತ್ತದೆ. ವ್ಯಾಟ್‌ಮೀಟರ್ ಮಿತಿಯೊಳಗೆ ತೋರಿಸುತ್ತಿದ್ದರೆ ಮೊದಲು ಅದನ್ನು ನೋಡಿ.

ಹಾರಾಟದ ನಡುವೆ ಪವರ್ ನಿಂತರೆ, ಮರಳಿ ಬಂದ ರೀತಿಯನ್ನು ನೆನಪಿಸಿಕೊಳ್ಳಿ. ಥ್ರಾಟಲ್ ಇಳಿಸಿ ಏರಿಸಿದ ಕೂಡಲೇ ಬಂದಿದ್ದರೆ ಬ್ಯಾಟರಿಯ ವೋಲ್ಟೇಜ್ ಹೊರೆಯಲ್ಲಿ ಕುಸಿದು ಇಎಸ್‌ಸಿ ಕಡಿತಗೊಳಿಸಿದೆ. ಅರ್ಧ ನಿಮಿಷ ಕಳೆದ ಮೇಲೆ ಬಂದಿದ್ದರೆ, ಅಥವಾ ಇಳಿದ ಮೇಲೆ ಇಎಸ್‌ಸಿ ಸುಡುತ್ತಿದ್ದರೆ, ಕಾವಿನಿಂದ ಕಡಿತವಾಗಿದೆ. ಕಾವಾದರೆ ಪ್ರೊಪೆಲ್ಲರ್ ಚಿಕ್ಕದು ಮಾಡಿ. ವೋಲ್ಟೇಜ್ ಕುಸಿತವಾದರೆ ಅಷ್ಟು ಬೇಗ ತೀರ್ಪು ಬೇಡ: 2200 ಎಂಎಎಚ್ ಬ್ಯಾಟರಿಗೆ 15 ಆಂಪಿಯರ್ ಎಂದರೆ 7ಸಿಗಿಂತಲೂ ಕಡಿಮೆ (1ಸಿ ಎಂದರೆ ಈ ಬ್ಯಾಟರಿಗೆ 2.2 ಆಂಪಿಯರ್). ಮೇಲೆ 25ಸಿ ಎಂದು ಬರೆದಿರುವ ಬ್ಯಾಟರಿ ಅಷ್ಟಕ್ಕೇ ಬಾಗುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ, ಪ್ರೊಪೆಲ್ಲರನ್ನು ದೂರಬೇಡಿ.

ಕೈಬಿಟ್ಟ ಕೂಡಲೇ ಎಡಕ್ಕೆ ಹೊರಳುವುದಕ್ಕೆ ಪ್ರೊಪೆಲ್ಲರಿನ ತಿರುಗುಬಲದ ಪ್ರತಿಕ್ರಿಯೆ ಕಾರಣವಿರಬಹುದು. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ವಿಮಾನದ ಒಡಲು ಎಡಕ್ಕೆ ಹೊರಳಲು ನೋಡುತ್ತದೆ. ಪರೀಕ್ಷೆ ಸುಲಭ: ಮುಂದಿನ ಬಾರಿ ಮುಕ್ಕಾಲು ಥ್ರಾಟಲಿನಲ್ಲಿ, ಸ್ವಲ್ಪ ಜೋರಾಗಿ ಎಸೆಯಿರಿ. ಹೊರಳು ಸ್ಪಷ್ಟವಾಗಿ ತಗ್ಗಿದರೆ ದೋಷ ಇದೇ. ವ್ಯಾಸ ಇಳಿಸಬೇಕು ಅಥವಾ ಮೋಟಾರನ್ನು ಎರಡು ಮೂರು ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸಬೇಕು. ತಗ್ಗದಿದ್ದರೆ ರೆಕ್ಕೆ ಸೊಟ್ಟಗಿದೆ.

ತಲೆಕೆಳಗಾಗಿ ಹಾಕಿದ ಪ್ರೊಪೆಲ್ಲರ್

ನಗು ಬರಬಹುದು, ಆದರೆ ಬಹಳ ಸಲ ಕಂಡ ದೋಷ. ಅಕ್ಷರ ಮತ್ತು ಅಂಕಿ ಇರುವ ಮುಖ ವಿಮಾನ ಹೋಗುವ ದಿಕ್ಕಿಗೆ ಇರಬೇಕು, ಪ್ರೊಪೆಲ್ಲರ್ ಮೂಗಿನಲ್ಲಿರಲಿ, ಬಾಲದ ಕಡೆ ಇರಲಿ. ಮೋಟಾರ್ ಉಲ್ಟಾ ತಿರುಗಿ ಗಾಳಿ ಮುಂದಕ್ಕೆ ಬೀಸುತ್ತಿದ್ದರೆ ಹೊಸಬರು ಪ್ರೊಪೆಲ್ಲರನ್ನು ಬಿಚ್ಚಿ ಹಿಂದುಮುಂದಾಗಿ ಹಾಕುತ್ತಾರೆ. ಗಾಳಿ ಆಗಲೂ ಮುಂದಕ್ಕೇ ಬೀಸುತ್ತದೆ, ಏಕೆಂದರೆ ಬಲಮುರಿ ಶಂಖವನ್ನು ಹೇಗೆ ತಿರುಗಿಸಿ ಹಿಡಿದರೂ ಅದು ಎಡಮುರಿ ಆಗುವುದಿಲ್ಲ. ಆದದ್ದೆಂದರೆ ಅಲಗಿನ ಹಿಂದಿನ ಅಂಚು ಮುಂದಾಗಿ ಇದ್ದ ದಕ್ಷತೆಯೂ ಹೋಯಿತು. ಇಎಸ್‌ಸಿಯಿಂದ ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡುವುದೇ ಪರಿಹಾರ. ಮುಖ ನೋಡಲು ಅಕ್ಷರ ಅಳಿಸಿಹೋಗಿದ್ದರೆ ಬೆರಳಿನಿಂದ ಅಲಗನ್ನು ಸವರಿ: ಉಬ್ಬಿದ ಮೇಲ್ಮೈ ಮುಂದೆ, ದಪ್ಪನೆಯ ದುಂಡು ಅಂಚು ತಿರುಗುವ ದಿಕ್ಕಿಗೆ.

ಡ್ರೋನ್ ಜೋಡಿಯಲ್ಲಿ ಉಳಿದ ಆರ್ ಅಕ್ಷರದ ಪ್ರೊಪೆಲ್ಲರನ್ನು ಮೋಟಾರ್ ಉಲ್ಟಾ ತಿರುಗಿಸಿ ಬಳಸಲು ಅಡ್ಡಿಯಿಲ್ಲ. ಆದರೆ ಸಾಮಾನ್ಯ ಬಲ ತಿರುಪಿನ ನಟ್ಟು ಆಗ ತಾನಾಗಿ ಬಿಗಿಯಾಗುವ ಬದಲು ಸಡಿಲವಾಗುತ್ತ ಹೋಗುತ್ತದೆ. ಪ್ರತಿ ಹಾರಾಟಕ್ಕೂ ಮುಂಚೆ ಬಿಗಿ ನೋಡಿ. ಸರಿಯಾದ ದಿಕ್ಕಿಗೆ ತಿರುಗುವ ಮೋಟಾರಿನಲ್ಲಿಯೂ ನಟ್ಟು ಪದೇ ಪದೇ ಸಡಿಲಗೊಳ್ಳುತ್ತಿದ್ದರೆ ಇಎಸ್‌ಸಿಯಲ್ಲಿ ಬ್ರೇಕ್ ಚಾಲೂ ಇರಬಹುದು. ಮಡಚುವ ಪ್ರೊಪೆಲ್ಲರ್ ಅಲ್ಲದಿದ್ದರೆ ಅದನ್ನು ಆಫ್ ಮಾಡಿ.

ನಡುಕ ಮತ್ತು ಸದ್ದು

ಪ್ರೊಪೆಲ್ಲರ್ ಬಿಚ್ಚಿ ಮೋಟಾರ್ ಓಡಿಸಿ. ನಡುಕ ಉಳಿದರೆ ಶಾಫ್ಟ್ ಬಾಗಿದೆ. ಹೋದರೆ ಪ್ರೊಪೆಲ್ಲರ್ ಅಥವಾ ಅದನ್ನು ಹಿಡಿಯುವ ಅಡಾಪ್ಟರ್. ಹಬ್ಬಿನ ತೂತು ಅಡಾಪ್ಟರಿಗಿಂತ ದೊಡ್ಡದಿದ್ದರೆ ಪ್ರೊಪೆಲ್ಲರ್ ಪ್ರತಿ ಸಲವೂ ಬೇರೆ ಕಡೆ ಕೂರುತ್ತದೆ. ಜೊತೆಗೆ ಬರುವ ಪ್ಲಾಸ್ಟಿಕ್ ಬಳೆಗಳನ್ನು ಬಿಸಾಡದೆ ಬಳಸಿ. ಚಿಕ್ಕದಿದ್ದರೆ ಕೈಡ್ರಿಲ್ಲಿನಿಂದ ಕೊರೆಯಬೇಡಿ, ರೀಮರ್ ಬಳಸಿ, ಏಕೆಂದರೆ ತೂತು ಕೂದಲೆಳೆಯಷ್ಟು ನಡುತಪ್ಪಿದರೂ ಆಮೇಲೆ ಎಷ್ಟು ಸಮತೋಲ ಮಾಡಿದರೂ ಪ್ರಯೋಜನವಿಲ್ಲ. ಅಲಗಿನ ತುದಿಯ ಹಿಂದೆ ಪೆನ್ಸಿಲ್ ನಿಲ್ಲಿಸಿ ಕೈಯಿಂದ ನಿಧಾನವಾಗಿ ತಿರುಗಿಸಿದರೆ ಎರಡು ತುದಿಗಳೂ ಅದರಿಂದ ಸಮದೂರದಲ್ಲಿ ಹಾದುಹೋಗಬೇಕು.

ಸಮತೋಲಕ್ಕೆ ಬ್ಯಾಲೆನ್ಸರಿನಲ್ಲಿ ಪ್ರೊಪೆಲ್ಲರನ್ನು ಅಡ್ಡಲಾಗಿ ಬಿಡಿ. ಕೆಳಗೆ ಜಾರುವ ಅಲಗು ಭಾರವಾದದ್ದು. ಅದರ ಹಿಂಬದಿಯ ಚಪ್ಪಟೆ ಮೇಲ್ಮೈಯನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಮುಂದಿನ ಅಂಚನ್ನು ಮುಟ್ಟಬೇಡಿ. ಹಗುರ ಅಲಗಿಗೆ ಸೆಲ್ಲೋಟೇಪ್ ಅಂಟಿಸುವುದೂ ನಡೆಯುತ್ತದೆ, ನಮ್ಮ ಬಿಸಿಲಿಗೆ ಅಂಟು ಕರಗಿ ಹಾರಿಹೋಗುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಬಿರುಕು ಬಿಟ್ಟ, ತುದಿ ಮುರಿದ ಪ್ರೊಪೆಲ್ಲರಿಗೆ ರಿಪೇರಿ ಇಲ್ಲ. ಫೆವಿಕ್ವಿಕ್ ಹಾಕಿ ಅಂಟಿಸಿದ್ದು ಮೇಜಿನ ಮೇಲೆ ಹಿಡಿಯುತ್ತದೆ, 8000 ಸುತ್ತಿನಲ್ಲಿ ಹಿಡಿಯುವುದಿಲ್ಲ.

ಊರು ಬದಲಾದಾಗ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಒಂದೇ ಉಷ್ಣಾಂಶದಲ್ಲಿ ಹೋಲಿಸಿದರೆ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇಕಡ 10ರಷ್ಟು ತೆಳು. ತೆಳು ಗಾಳಿಯಲ್ಲಿ ಪ್ರೊಪೆಲ್ಲರಿನ ಹೊರೆ ಕಡಿಮೆ. ಬೆಂಗಳೂರಿನಲ್ಲಿ 15 ಆಂಪಿಯರಿನಲ್ಲಿ ಮೋಟಾರಿನ ಮಿತಿಗೆ ತಾಗಿಸಿ ಹೊಂದಿಸಿದ ಪ್ರೊಪೆಲ್ಲರ್ ಕರಾವಳಿಗೆ ಇಳಿದಾಗ ಲೆಕ್ಕದ ಪ್ರಕಾರ ಮುಕ್ಕಾಲು, ಒಂದು ಆಂಪಿಯರ್ ಹೆಚ್ಚು ಎಳೆಯಬೇಕು, ಅದೂ ತಂಪು ಕಡಿಮೆ ಇರುವ ಹವೆಯಲ್ಲಿ. ಘಟ್ಟ ಇಳಿದ ಮೇಲೆ ಮೋಟಾರ್ ಬಿಸಿಯಾಗತೊಡಗಿದೆ ಎಂಬ ದೂರನ್ನು ಭ್ರಮೆ ಎಂದು ತಳ್ಳಿಹಾಕಬಾರದು. ಪಿಚ್ ಒಂದು ಇಂಚು ಇಳಿಸಿ. ಕರಾವಳಿಯಿಂದ ಮೇಲೆ ಬಂದವರ ದೂರು ಉಲ್ಟಾ ಇರುತ್ತದೆ, ಎಳೆತ ಸ್ವಲ್ಪ ಕುಗ್ಗಿದೆ ಎಂದು, ಜೊತೆಗೆ ಇಳಿಯುವಾಗ ವಿಮಾನ ವೇಗವಾಗಿ ಬರುತ್ತದೆ ಎಂದು. ಎರಡಕ್ಕೂ ಕಾರಣ ಆ ತೆಳು ಗಾಳಿಯೇ.

ಗ್ಲೋ ಎಂಜಿನ್ ಇರುವವರಿಗೆ

ಗ್ಲೋ ಎಂಜಿನ್ ಎಂದರೆ ಬ್ಯಾಟರಿಯ ಬದಲು ಇಂಧನದಿಂದ ಓಡುವ ಪುಟ್ಟ ಎಂಜಿನ್. 40ರಿಂದ 46 ವರ್ಗದ (0.40ರಿಂದ 0.46 ಘನ ಇಂಚಿನ) ಎರಡು ಸ್ಟ್ರೋಕ್ ಎಂಜಿನ್ನಿಗೆ 10×6, 11×5 ಮತ್ತು 11×6 ರೂಢಿಯ ಅಳತೆಗಳು. ನೆಲದಲ್ಲಿ 11,000ದಿಂದ 13,000 ಸುತ್ತು ಬಂದರೆ ಜೋಡಿ ಸರಿಯಿದೆ. ಇಲ್ಲಿ ಅಳೆಯಲು ಆಂಪಿಯರ್ ಇಲ್ಲ, ಆದ್ದರಿಂದ ಟ್ಯಾಕೋಮೀಟರ್ ಒಂದೇ ಗತಿ. ಸುತ್ತು ಕಡಿಮೆ ಬಂದು ಎಂಜಿನ್ ಕಾಯುತ್ತಿದ್ದರೆ ಪ್ರೊಪೆಲ್ಲರ್ ಭಾರ ಎನ್ನುವ ಮುನ್ನ ಇಂಧನದ ಹರಿವನ್ನು ನಿಯಂತ್ರಿಸುವ ನೀಡಲ್ ವಾಲ್ವನ್ನು ಅರ್ಧ ಸುತ್ತು ತೆರೆದು ನೋಡಿ. ಇಂಧನ ಸಾಲದ ಎಂಜಿನ್ ತೋರಿಸುವ ಲಕ್ಷಣಗಳೂ ಇವೇ. ತೆರೆದಾಗ ಕಾವು ಇಳಿದು, ಎಂಜಿನ್ ಮತ್ತೆ ಕುಗ್ಗದೆ ಒಂದೇ ಸಮನೆ ಓಡಿದರೆ ತಪ್ಪು ನೀಡಲಿನದು. ಕಾವು ಹಾಗೇ ಉಳಿದರೆ ವ್ಯಾಸ ಒಂದು ಇಂಚು ಇಳಿಸಿ, ಹೊಸ ಪ್ರೊಪೆಲ್ಲರಿಗೆ ನೀಡಲನ್ನು ಮೊದಲಿನಿಂದ ಹೊಂದಿಸಿಕೊಳ್ಳಿ, ಆಮೇಲೆ ಮತ್ತೊಮ್ಮೆ ಸುತ್ತು ಅಳೆಯಿರಿ.